ಸ್ತನ ಉಳಿಸಿಕೊಂಡರೆ ಕ್ಯಾನ್ಸರೂ ಉಳಿದುಬಿಡುತ್ತದೆಯೇ?

ನಿಮ್ಮ ಅಮ್ಮನಿಗೆ 54, ಎಡ ಸ್ತನದಲ್ಲಿ 3 ಸೆಂ.ಮೀ. ಗಂಟು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಒಬ್ಬ ಡಾಕ್ಟರು ಪೂರ್ತಿ ತೆಗೆಯೋಣ ಅಂದರು, ಇನ್ನೊಬ್ಬರು ಗಂಟಷ್ಟೇ ತೆಗೆದು ಸ್ತನಕ್ಕೆ ಮತ್ತೆ ಆಕಾರ ಕೊಡಬಹುದು ಅಂದರು. ಉಳಿಸಿಕೊಳ್ಳೋದು ಜೀವದ ಜೊತೆ ಚೆಲ್ಲಾಟ ಅಲ್ವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ, ಹೈಸ್ಕೂಲ್ ಟೀಚರ್. ನಾಲ್ಕು ವರ್ಷದ ಹಿಂದೆ, 49ನೇ ವಯಸ್ಸಲ್ಲಿ, ನನ್ನ ಮುಂದೆಯೂ ಇದೇ ಪ್ರಶ್ನೆ ಇತ್ತು. ಮೊದಲು ನೋಡಿದ ಸರ್ಜನ್ ನನ್ನ ಮುಖವನ್ನೂ ನೋಡದೆ ನಮ್ಮ ಯಜಮಾನರಿಗೆ, "ಮಕ್ಕಳೆಲ್ಲ ದೊಡ್ಡವರಾದ್ರಲ್ಲ, ಇನ್ಯಾಕೆ, ತೆಗೆದುಬಿಡೋಣ" ಅಂದರು. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿಗೆ ಹೋದದ್ದು ಹೆಚ್ಚುಕಮ್ಮಿ ಆ ಸಿಟ್ಟಿಗೇ.

ಹೆಚ್ಚು ಕತ್ತರಿಸಿದಷ್ಟೂ ಒಳ್ಳೇದು ಅನ್ನೋದು ಹ್ಯಾಲ್‌ಸ್ಟೆಡ್ ಕಾಲದ ನಂಬಿಕೆ. ಅಮೆರಿಕದ ಆ ಸರ್ಜನ್ 19ನೇ ಶತಮಾನದ ಕೊನೆಯಲ್ಲಿ ಸ್ತನದ ಜೊತೆ ಎದೆಯ ಸ್ನಾಯುವನ್ನೂ ತೆಗೆಯುತ್ತಿದ್ದರು. 1970ರ ದಶಕದಲ್ಲಿ ಇಟಲಿಯಲ್ಲಿ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಎಂಬ ಸರ್ಜನ್‌ಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಫಿಶರ್ ಅಧ್ಯಯನದಲ್ಲಿ 1,851 ಹೆಂಗಸರಿದ್ದರು. ಇಬ್ಬರ 20 ವರ್ಷದ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು: ಪೂರ್ತಿ ತೆಗೆಸಿಕೊಂಡವರು, ಉಳಿಸಿಕೊಂಡವರು ಬದುಕಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಚೆಲ್ಲಾಟ ಅಲ್ಲ.

ಆದರೆ ಫಿಶರ್ ಅಧ್ಯಯನದ ಇನ್ನೊಂದು ಅಂಕಿ ನನ್ನ ಪ್ರಕಾರ ಹೆಚ್ಚು ಮುಖ್ಯ. ಗಂಟು ತೆಗೆದು ರೇಡಿಯೇಷನ್ ಕೊಟ್ಟವರಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿದ್ದು ಶೇ. 14.3 ಮಂದಿಗೆ. ರೇಡಿಯೇಷನ್ ಕೊಡದವರಲ್ಲಿ ಶೇ. 39.2. ಅಂದರೆ ಸ್ತನ ಉಳಿಸಿಕೊಳ್ಳುವ ನಿರ್ಧಾರ ಆಪರೇಷನ್ ಟೇಬಲ್ ಮೇಲೆ ಮುಗಿಯೋದಿಲ್ಲ. ನಮ್ಮ ಕಡೆ 'ಕರೆಂಟ್ ಕೊಡೋದು' ಅಂತಾರಲ್ಲ, ಅದನ್ನು ಒಂದು ದಿನವೂ ತಪ್ಪಿಸದೆ ಮುಗಿಸೋಕಾಗುತ್ತಾ ಅನ್ನೋದನ್ನು ಮೊದಲೇ ಯೋಚಿಸಿ. ರೇಡಿಯೇಷನ್ ಇರುವ ಆಸ್ಪತ್ರೆ ನಿಮ್ಮೂರಿಂದ ಮೂರು ಗಂಟೆ ದಾರಿ ಅಂತ ಬರೆದಿದ್ದೀರಿ. ನಾನು ಬೆಂಗಳೂರಿನ ವಿಜಯನಗರದಲ್ಲಿ ತಂಗಿ ಮನೇಲಿ ಉಳಿದು ಮೂರು ವಾರದಲ್ಲಿ 15 ಸಲ, ಆಮೇಲೆ ಗಂಟಿದ್ದ ಜಾಗಕ್ಕೆ ಇನ್ನೂ 5 ಸಲ ಹೋಗಿ ಬಂದೆ. ಮೊದಲೆಲ್ಲ ಐದು ವಾರಕ್ಕೂ ಹೆಚ್ಚು ಹಿಡಿಯುತ್ತಿತ್ತಂತೆ. ಐದೇ ಸಲದಲ್ಲಿ, ಒಂದು ವಾರಕ್ಕೆ ಮುಗಿಸುವ ಕ್ರಮವನ್ನು ಬೆಂಬಲಿಸುವ ಬ್ರಿಟನ್ನಿನ ಅಧ್ಯಯನವೂ 2020ರಲ್ಲಿ ಬಂದಿದೆ, ಅಮ್ಮನಿಗೆ ಹೊಂದುತ್ತಾ ಕೇಳಿ. ಪೂರ್ತಿ ತೆಗೆಸಿದರೆ ಕರೆಂಟ್ ತಪ್ಪುತ್ತೆ ಅಂತಲೂ ಲೆಕ್ಕ ಹಾಕಬೇಡಿ. ಕಂಕುಳಿನ ಗ್ರಂಥಿಗಳಿಗೆ ಹರಡಿದ್ದರೆ ಆಗಲೂ ಬೇಕಾಗಬಹುದು. ಕೀಮೋ ಬೇಕೋ ಬೇಡವೋ ಅನ್ನೋದಂತೂ ಕ್ಯಾನ್ಸರಿನ ಜಾತಿ, ಹಂತದ ಮೇಲೆ ಹೋಗುತ್ತೆ, ಆಪರೇಷನ್ ಯಾವುದು ಅನ್ನೋದರ ಮೇಲಲ್ಲ.

ಇನ್ನು ಆಪರೇಷನ್. ಎರಡನೇ ಡಾಕ್ಟರು ಹೇಳಿದ್ದಕ್ಕೆ ಆಂಕೋಪ್ಲಾಸ್ಟಿ ಅಂತಾರೆ. ಸುಮ್ಮನೆ ಗಂಟು ತೆಗೆದರೆ ಅಲ್ಲಿ ಗುಳಿ ಬೀಳುತ್ತೆ, ಕರೆಂಟ್ ಕೊಟ್ಟ ಮೇಲೆ ಇನ್ನೂ ಒಳಕ್ಕೆ ಎಳೆದುಕೊಳ್ಳುತ್ತೆ. ಅದಕ್ಕೇ ಅಕ್ಕಪಕ್ಕದ ಭಾಗವನ್ನೇ ಸರಿಸಿ ತುಂಬುತ್ತಾರೆ. ಸ್ತನ ಚಿಕ್ಕದಿದ್ದರೆ ಬೆನ್ನಿನ ಸ್ನಾಯುವಿನ ಒಂದು ತುಂಡನ್ನು ಮುಂದಕ್ಕೆ ತಿರುಗಿಸಿ ತರುವುದೂ ಉಂಟು. ನನ್ನದು ದೊಡ್ಡದು, ಗಂಟು ಕೆಳಭಾಗದಲ್ಲಿ. ಆಪರೇಷನ್ ದಿನ ಬೆಳಿಗ್ಗೆ ನನ್ನನ್ನು ನಿಲ್ಲಿಸಿ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆದರು. ಬ್ಲೌಸಿಗೆ ಅಳತೆ ಕೊಟ್ಟ ಹಾಗೇ ಅನ್ನಿಸಿ ನಗು ಬಂತು. ಗಂಟಿನ ಜೊತೆ ಕೆಳಭಾಗವನ್ನು ತೆಗೆದು, ತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿದರು. ಗಂಟಿದ್ದ ಜಾಗದಲ್ಲಿ ಪುಟ್ಟ ಲೋಹದ ಕ್ಲಿಪ್ ಬಿಟ್ಟರು, ಇಲ್ಲದಿದ್ದರೆ ಎಲ್ಲ ಸರಿದಾಡಿದ ಮೇಲೆ ರೇಡಿಯೇಷನ್ ಡಾಕ್ಟರಿಗೆ ಜಾಗ ಸಿಗೋದಿಲ್ಲ. ಎರಡೂ ಕಡೆ ಸಮ ಆಗಲಿ ಅಂತ ಬಲಗಡೆಯದನ್ನೂ ಆಮೇಲೆ ಚಿಕ್ಕದು ಮಾಡಿಸಿಕೊಂಡೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕಂಡರೆ ಇನ್ನೊಮ್ಮೆ ಕತ್ತರಿಸಬೇಕು, ಕೆಲವರಿಗೆ ಕೊನೆಗೆ ಪೂರ್ತಿಯೇ ತೆಗೆಯಬೇಕಾಗುತ್ತೆ. ನನಗೆ ಹಾಗಾಗಲಿಲ್ಲ. ಆದರೆ ವರ್ಷದ ನಂತರ ಸ್ನಾನ ಮಾಡುವಾಗ ಅದೇ ಜಾಗದಲ್ಲಿ ಕಲ್ಲಿನಂಥದ್ದು ಕೈಗೆ ಸಿಕ್ಕಿತು. ಬಯಾಪ್ಸಿ ವರದಿ ಬರುವವರೆಗೆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಕೊನೆಗೆ ನೋಡಿದರೆ ರಕ್ತ ಸಾಲದೆ ಸತ್ತು ಗಟ್ಟಿಯಾದ ಕೊಬ್ಬು. ಈ ಆಪರೇಷನ್ನಿನಲ್ಲಿ ಅದು ಆಗುವುದುಂಟಂತೆ, ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಎಲ್ಲರಿಗೂ ಇದು ಹೊಂದೋದಿಲ್ಲ. ಸ್ತನದ ತುಂಬ ಹರಡಿದ್ದರೆ, ಚರ್ಮವೆಲ್ಲ ಕೆಂಪಾಗಿ ಊದುವ ಜಾತಿಯದಾದರೆ, ಎದೆಗೆ ಹಿಂದೆಯೇ ರೇಡಿಯೇಷನ್ ಆಗಿದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯುವುದೇ ದಾರಿ. ನಿಮ್ಮ ಅಮ್ಮನ ಅಕ್ಕನಿಗೂ ಇದೇ ಕಾಯಿಲೆ ಇತ್ತು ಅಂದಿರಿ, ಆಪರೇಷನ್ನಿಗೆ ಮುಂಚೆ ಬಿಆರ್‌ಸಿಎ ಪರೀಕ್ಷೆ (ಕ್ಯಾನ್ಸರ್ ವಂಶದಲ್ಲಿ ಬರುವ ಜೀನ್ ದೋಷವಿದೆಯೇ ಅಂತ ನೋಡುವುದು) ಬಗ್ಗೆ ಕೇಳಿ. ಗಂಟು ಕುಗ್ಗಿಸಲು ಮೊದಲು ಕೀಮೋ ಅಂದರೆ, ಶುರುವಾಗುವ ಮುಂಚೆಯೇ ಗಂಟಿಗೆ ಕ್ಲಿಪ್ ಹಾಕಿಸಿ. ಪೂರ್ತಿ ಕರಗಿಹೋದರೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗೋದು ಅದರಿಂದಲೇ.

ಇಷ್ಟೆಲ್ಲ ಬರೆದಿದ್ದೀರಿ, ಅಮ್ಮ ಏನಂದರು ಅನ್ನೋದು ಮಾತ್ರ ಇಲ್ಲ. ಅವರನ್ನು ಕೇಳಿ. ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯವರಿಗೂ ಉಳಿಸಬಹುದು ಅಂದಿದ್ದರು. ಅವರು ಒಪ್ಪಲಿಲ್ಲ. "ಮನೇಲಿ ಎರಡು ಹಸು ಇವೆ, ದಿನಾ ಕರೆಂಟಿಗೆ ಅಂತ ಇಲ್ಲಿ ಕೂತರೆ ಹಾಲು ಕರೆಯೋರು ಯಾರು" ಅಂತ ಪೂರ್ತಿ ತೆಗೆಸಿಕೊಂಡು ಊರಿಗೆ ಹೋದರು. ಯುಗಾದಿಗೆ ಫೋನ್ ಮಾಡಿದ್ದರು, ಚೆನ್ನಾಗಿದ್ದಾರೆ.