ಈಜು ಬಲ್ಲವನೇ ಮುಳುಗುವುದು ಎನ್ನುವ ಅತ್ತೆ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ: "ಒಂಬತ್ತು ವರ್ಷದ ಮಗನನ್ನು ಬೇಸಿಗೆ ರಜೆಯ ಈಜು ಶಿಬಿರಕ್ಕೆ ಸೇರಿಸಬೇಕೆಂದಿದ್ದೇನೆ. ಅತ್ತೆ ಸುತರಾಂ ಒಪ್ಪುತ್ತಿಲ್ಲ. ಅವರ ತಮ್ಮ ಹುಡುಗನಾಗಿದ್ದಾಗ ತೋಟದ ಬಾವಿಯಲ್ಲಿ ಮುಳುಗಿ ತೀರಿಕೊಂಡರಂತೆ. 'ಈಜು ಬಲ್ಲವನೇ ಮುಳುಗುವುದು, ಬಾರದವನು ನೀರಿನ ಹತ್ತಿರ ಹೋಗುವುದೇ ಇಲ್ಲ' ಎನ್ನುತ್ತಾರೆ. ನಮ್ಮ ತೋಟದಲ್ಲಿ ಕೃಷಿ ಹೊಂಡ ಬೇರೆ ಇದೆ. ಅವರಿಗೆ ಹೇಳದೆ ಸೇರಿಸಿಬಿಡಲೇ?"

ಸಂಪಾದಕರ ಉತ್ತರ:

ಹಳೆಯ ಕಾಲದವರ ಮೂಢನಂಬಿಕೆ, ಬಿಟ್ಟುಹಾಕಿ ಎಂದು ನಾನು ಬರೆಯುತ್ತೇನೆ ಎಂದುಕೊಂಡಿದ್ದರೆ ನಿಮಗೆ ನಿರಾಸೆಯಾದೀತು. ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಕೆರೆಯ ನಡುವಿನವರೆಗೆ ಪಂತ ಕಟ್ಟಿ ಹೋಗುವವನು ಈಜು ಬಲ್ಲವನೇ. ಮಳೆಗಾಲದ ಹೊಳೆಗೆ ಸೇತುವೆಯ ಮೇಲಿನಿಂದ ಧುಮುಕುವವನೂ ಅವನೇ. ಆದರೆ ಅವರ ಲೆಕ್ಕದಲ್ಲಿ ತಾವಾಗಿಯೇ ನೀರಿಗೆ ಇಳಿದವರು ಮಾತ್ರ ಇದ್ದಾರೆ, ಕಾಲು ಜಾರಿ ಬಿದ್ದವರು ಇಲ್ಲ. ಪತ್ರಿಕೆಗಳ ಜಿಲ್ಲಾ ಪುಟಗಳನ್ನು ತೆರೆದು ನೋಡಿ: ಬಟ್ಟೆ ಒಗೆಯಲು ಹೋದವರು, ದನಕ್ಕೆ ನೀರು ಕುಡಿಸಲು ಹೋದ ಹುಡುಗ, ಅವನನ್ನು ಎತ್ತಲು ಹಿಂದೆಯೇ ಇಳಿದ ಅಣ್ಣ. ಇವರಲ್ಲಿ ಯಾರೂ ಈಜಲೆಂದು ಹೋದವರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷ ತುಂಬದ ಮಕ್ಕಳು.

ಹಾಗಾಗಿ ಅತ್ತೆಯವರ ಜೊತೆ ವಾದಕ್ಕೆ ಇಳಿಯುವ ಮೊದಲು ಒಂದು ಕೆಲಸ ಮಾಡಿ. ಬಿಡುವಾಗಿ ಕುಳಿತಾಗ, ಅಂದು ನಿಜವಾಗಿ ಏನಾಯಿತು ಎಂದು ಅವರನ್ನು ಕೇಳಿ. ತಮ್ಮನಿಗೆ ಈಜು ಬರುತ್ತಿತ್ತೇ? ಬಾವಿಗೆ ಮೆಟ್ಟಿಲಿತ್ತೇ? ಜೊತೆಯಲ್ಲಿ ಯಾರಿದ್ದರು? ಹಗ್ಗವಾದರೂ ಕೈಗೆ ಸಿಗುವಂತಿತ್ತೇ? ಇಷ್ಟು ವರ್ಷಗಳಲ್ಲಿ ಆ ದಿನದ ವಿವರಗಳೆಲ್ಲ ಅಳಿಸಿ, 'ನೀರಿಗೆ ಹೋಗಬೇಡ' ಎಂಬುದೊಂದೇ ಮನೆಯಲ್ಲಿ ಉಳಿದಿದೆ. ನಿಮಗೆ ಬೇಕಾಗಿರುವುದು ಆ ವಿವರಗಳೇ. ಹುಡುಗ ಒಬ್ಬನೇ ಇಳಿದಿದ್ದರೆ ಅದಕ್ಕೆ ಕಟ್ಟುಪಾಡು ಒಂದು ಬಗೆಯದು, ಹೂಳಿನಲ್ಲಿ ಕಾಲು ಸಿಕ್ಕಿಕೊಂಡಿದ್ದರೆ ಮತ್ತೊಂದು ಬಗೆಯದು. ಬಹುಶಃ ಇದನ್ನು ಅವರನ್ನು ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಅವರು ಅತ್ತರೆ ಅಳಲಿ, ಗಾಬರಿಯಾಗಬೇಡಿ.

ಅಂಥ ಬಾವಿಗಳಲ್ಲೇ ನಮ್ಮ ಹಳ್ಳಿಗಳ ಎಷ್ಟೋ ಜನ ಈಜು ಕಲಿತಿದ್ದಾರೆ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿ ಹಿಡಿದು ಸೋದರಮಾವ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಕಲಿಕೆಯೂ ಕಾವಲೂ ಒಟ್ಟಿಗೇ ಇದ್ದವು. ಬಾಂಗ್ಲಾದೇಶದಲ್ಲಿ ಊರ ಕೊಳದೊಳಗೆ ಬಿದಿರಿನ ಅಟ್ಟಣೆ ಹಾಕಿ ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸುವ ಕಾರ್ಯಕ್ರಮ ನಡೆದಿದೆ. ಕಲಿತ ಮಕ್ಕಳು ಮುಳುಗಿ ಸಾಯುವುದು ಬಹಳ ಕಡಿಮೆಯಾದದ್ದನ್ನು ಅಧ್ಯಯನ ತೋರಿಸಿದೆ. 'ಈಜು ಬಲ್ಲವನೇ ಮುಳುಗುವುದು' ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನ ಬಳಿ ಇಲ್ಲ.

ಇನ್ನು ನಿಮ್ಮ ಹೊಂಡ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನನ್ನ ಕಣ್ಣು ನಿಂತದ್ದು ಅಲ್ಲೇ. 2014ರಲ್ಲಿ ಶುರುವಾದ, ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಡಿ ಒಣಭೂಮಿ ತಾಲ್ಲೂಕುಗಳಲ್ಲೆಲ್ಲ ಹೊಂಡಗಳು ಎದ್ದವು, ನೀರು ಇಂಗದಿರಲೆಂದು ತಳಕ್ಕೂ ಇಳಿಜಾರಿಗೂ ಪ್ಲಾಸ್ಟಿಕ್ ಹಾಳೆ ಹಾಸಿದರು. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಒದ್ದೆ ಪಾದ ನಿಲ್ಲುವುದಿಲ್ಲ. ಹಳೆಯ ಕಲ್ಲುಕಟ್ಟಡದ ಬಾವಿಯಲ್ಲಿ ಸಂದಿಗೆ ಬೆರಳು ತೂರಿಸಿ ನೇತಾಡಬಹುದಿತ್ತು, ಇಲ್ಲಿ ಹಿಡಿಯಲು ಏನೂ ಇಲ್ಲ. ಈಜು ಬರುವವನೂ ದಡಕ್ಕೆ ಬಂದು, ಹತ್ತಲಾಗದೆ ಸೋತು ಹಿಂದಕ್ಕೆ ಜಾರುತ್ತಾನೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗಿಕೊಳ್ಳುವುದೂ ಅಪರೂಪ. ಉಸಿರಿಗೇ ಪರದಾಡುವವನಿಗೆ ಕೂಗಲು ಉಸಿರೆಲ್ಲಿ? ನಾಲ್ಕು ಮಾರು ದೂರದಲ್ಲಿ ಕಾಯಿ ಸುಲಿಯುತ್ತಿರುವವರಿಗೂ ತಿಳಿಯುವುದಿಲ್ಲ. ಅತ್ತೆಯವರ ಭಯ ಇನ್ನೂ ಬಾವಿಯ ಕಡೆಗೇ ಮುಖ ಮಾಡಿದೆ, ಹೊಂಡದ ಬಗ್ಗೆ ಅವರು ಏನಾದರೂ ಎಚ್ಚರಿಸಿದರೆಂದು ನೀವು ಬರೆದಿಲ್ಲ.

ನಿಮಗೂ ಒಂದು ಮಾತು ಹೇಳಬೇಕು. ಹೊಂಡದ ಭಯಕ್ಕೆ ಶಿಬಿರ ಮದ್ದು ಎಂದು ನೀವು ನಂಬಿರುವಂತಿದೆ. ಟೈಲ್ಸ್ ಹಾಕಿದ, ಏಣಿ ಇಳಿಬಿಟ್ಟ, ತಳ ಕಾಣುವ ಕೊಳದಲ್ಲಿ ಕೆಲವು ವಾರ ಕೈಕಾಲು ಬಡಿದ ಹುಡುಗ ಹೊಂಡದಲ್ಲಿ ಬಚಾವಾಗುತ್ತಾನೆಂದು ಯಾರೂ ಹೇಳಲಾರರು. ಕಲಿತ ಹೊಸತರಲ್ಲಿ ಹುಮ್ಮಸ್ಸು ಹೆಚ್ಚು, ಅತ್ತೆಯವರ ಗಾದೆ ನಿಜವಾಗುವುದೂ ಆಗಲೇ. ಆದ್ದರಿಂದ ಶಿಬಿರದ ಶುಲ್ಕ ಕಟ್ಟುವ ಮೊದಲು ಹೊಂಡದ ಸುತ್ತ ಬೇಲಿ ಹಾಕಿಸಿ, ಬೀಗವಿರುವ ಗೇಟು ಇಡಿಸಿ. ಮೊಳಕ್ಕೊಂದು ಗಂಟು ಹಾಕಿದ ದಪ್ಪ ನೈಲಾನ್ ಹಗ್ಗವನ್ನು ಗೂಟಕ್ಕೆ ಬಿಗಿದು, ನಾಲ್ಕೂ ಬದಿಯಲ್ಲಿ ನೀರಿನೊಳಗಿನವರೆಗೆ ಇಳಿಬಿಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನೊಂದಕ್ಕೂ ಹಗ್ಗ ಕಟ್ಟಿ ಬೇಲಿಗೆ ನೇತುಹಾಕಿ. ಯಾರಾದರೂ ಬಿದ್ದರೆ ಅದನ್ನು ಎಸೆಯಬೇಕು, ತಾನು ಧುಮುಕಬಾರದು ಎಂದು ಮಗನಿಗೆ ಮಾತ್ರವಲ್ಲ, ತೋಟಕ್ಕೆ ಬರುವ ಆಳುಗಳಿಗೂ ಹೇಳಿಕೊಡಿ.

ಕಡೆಯ ಪ್ರಶ್ನೆಗೆ ನನ್ನ ಉತ್ತರ: ಬೇಡ, ಕದ್ದುಮುಚ್ಚಿ ಸೇರಿಸಬೇಡಿ. ಅಜ್ಜಿಗೆ ಹೇಳಬೇಡ ಎಂದು ನೀವು ಒಮ್ಮೆ ಕಲಿಸಿದರೆ, ಮುಂದೆ ಗೆಳೆಯರ ಜೊತೆ ಕೆರೆಗೆ ಹೋದಾಗ ಅವನು ನಿಮಗೂ ಹೇಳುವುದಿಲ್ಲ. ಮೊದಲ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಕಾವಲಿಗೆ ಯಾರಿದ್ದಾರೆ, ಒಬ್ಬೊಬ್ಬರ ಪಾಲಿಗೆ ಎಷ್ಟು ಮಕ್ಕಳು ಎಂದು ಅವರೇ ವಿಚಾರಿಸಲಿ. ಆ ಪ್ರಶ್ನೆಗಳನ್ನು ಅವರು ನಿಮಗಿಂತ ಖಾರವಾಗಿ ಕೇಳುತ್ತಾರೆ. ಉತ್ತರ ಅವರಿಗೆ ಸರಿಬರದಿದ್ದರೆ ಬೇರೆ ಶಿಬಿರ ಹುಡುಕಿ.