ಘಟನೆ ಅಲ್ಲಿ, ವಿಚಾರಣೆ ಎಲ್ಲಿ?

ಗುಬ್ಬಿ ತಾಲ್ಲೂಕಿನ ನಿವೃತ್ತ ಉಪನ್ಯಾಸಕರೊಬ್ಬರು ಬರೆದ ಪತ್ರದ ಸಾರ ಇದು: ‘ಮಾಲ್ಡೀವ್ಸ್‌ನಲ್ಲಿದ್ದ ನಮ್ಮ ಸೈನಿಕರನ್ನು ವಾಪಸ್ ಕರೆಸಿ, ಅವರ ಜಾಗಕ್ಕೆ ಎಚ್‌ಎಎಲ್ ತಂತ್ರಜ್ಞರನ್ನು ಕಳಿಸಿದರು. ಅಲ್ಲಿ ಹಾರುವ ಹೆಲಿಕಾಪ್ಟರ್ ನಮ್ಮ ಬಿದರೆಹಳ್ಳ ಕಾವಲ್‌ನದೇ ಇರಬೇಕು. ಅಕ್ಕನ ಮಗ ಆ ಕಾರ್ಖಾನೆಯಲ್ಲಿದ್ದಾನೆ, ನಾಳೆ ಅವನನ್ನೂ ಕಳಿಸಬಹುದು. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಕೇಸು ಯಾರ ಕೋರ್ಟಿನಲ್ಲಿ ನಡೆಯುತ್ತದೆ? ನಮ್ಮ ಜಿಲ್ಲೆಯ ಕಾಲು ಭಾಗದಷ್ಟೂ ಜನರಿಲ್ಲದ ದೇಶದ ಜೊತೆ ತಿಂಗಳುಗಟ್ಟಲೆ ಮಾತುಕತೆ ಯಾಕೆ? ನಾಲ್ಕು ಸಾಲು ಬರೆದು ಸಹಿ ಹಾಕಿಸಿಕೊಂಡರೆ ಸಾಲದೇ?’

ಸರ್, ನಮಸ್ಕಾರ. ಮೊದಲು ಒಂದು ಸಣ್ಣ ತಿದ್ದುಪಡಿ. ಮಾಲ್ಡೀವ್ಸ್‌ಗೆ ಭಾರತ ಕೊಟ್ಟಿದ್ದು ಧ್ರುವ್ ಹೆಲಿಕಾಪ್ಟರ್, ಜೊತೆಗೊಂದು ಡಾರ್ನಿಯರ್ ವಿಮಾನ. ಧ್ರುವ್ ತಯಾರಾಗುವುದು ಬೆಂಗಳೂರಿನಲ್ಲಿ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ನಮ್ಮ ಗುಬ್ಬಿ ಕಾರ್ಖಾನೆ ಲಘು ಉಪಯೋಗಿ ಹೆಲಿಕಾಪ್ಟರ್‌ಗಾಗಿ ಕಟ್ಟಿದ್ದು. ಆದರೆ ನಿಮ್ಮ ಪ್ರಶ್ನೆಗೆ ಇದರಿಂದ ಏನೂ ಕುಂದಿಲ್ಲ. 2024ರ ಮೇ 10ರೊಳಗೆ 70ಕ್ಕೂ ಹೆಚ್ಚು ಸೈನಿಕರು ಹಿಂತಿರುಗಿದರು, ಸಮವಸ್ತ್ರವಿಲ್ಲದವರು ಅದೇ ಯಂತ್ರಗಳನ್ನು ನೋಡಿಕೊಳ್ಳಲು ಹೋದರು. ಮೇಲ್ನೋಟಕ್ಕೆ ಬದಲಾದದ್ದು ಬಟ್ಟೆಯೊಂದೇ. ಕಾನೂನಿನ ಕಣ್ಣಿಗೆ ಮನುಷ್ಯನೇ ಬೇರೆಯಾದ. ಅದಕ್ಕೆ ಕೊನೆಯಲ್ಲಿ ಬರುತ್ತೇವೆ.

ನೀವು ಕೇಳಿರುವುದಕ್ಕೆ ಇಂಗ್ಲಿಷಿನಲ್ಲಿ ಸ್ಟೇಟಸ್ ಆಫ್ ಫೋರ್ಸಸ್ ಅಗ್ರಿಮೆಂಟ್ ಎಂದು ಹೆಸರು. ಕನ್ನಡದಲ್ಲಿ ಪಡೆಗಳ ಸ್ಥಾನಮಾನ ಒಪ್ಪಂದ ಅನ್ನಬಹುದು. ಅಧಿಕಾರಿಗಳು ಚಿಕ್ಕದಾಗಿ ‘ಸೋಫಾ’ ಅನ್ನುತ್ತಾರೆ, ಹೆಸರಿನಷ್ಟು ಮೆತ್ತಗಿನ ವಸ್ತುವಲ್ಲ. ಸೈನ್ಯ ಬರಬಹುದೇ, ಎಷ್ಟು ಜನ, ಯಾವ ಜಾಗದಲ್ಲಿ ಎಂಬುದು ಇದರ ವಿಷಯವಲ್ಲ, ಅದಕ್ಕೆ ಬೇರೆಯೇ ಒಪ್ಪಂದ ಇರುತ್ತದೆ. ಬಂದವರು ಯಾವ ಕಾನೂನಿಗೆ ಒಳಪಡುತ್ತಾರೆ ಎಂಬುದಷ್ಟೇ ಸೋಫಾದ ಕೆಲಸ. ತೆಂಗಿನ ತೋಟದ ಗುತ್ತಿಗೆ ಕರಾರು ಒಂದು. ಕಾಯಿ ಕೀಳಲು ಬಂದ ಆಳು ಪಕ್ಕದವರ ಹಸುವಿನ ಮೇಲೆ ಗೊನೆ ಬೀಳಿಸಿದರೆ ಹೊಣೆ ಯಾರದು ಎಂಬುದು ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ತುರುಕಿದರೆ ಬಾಡಿಗೆಯ ಜಗಳ ಬಂದಾಗಲೆಲ್ಲ ಹಸುವಿನ ಜಗಳವೂ ಏಳುತ್ತದೆ.

ಇವತ್ತಿಗೂ ಎಲ್ಲರೂ ತಿರುಗಿ ನೋಡುವ ಮಾದರಿ 1951ರ ಜೂನ್ 19ರಂದು ಲಂಡನ್ನಿನಲ್ಲಿ ಸಹಿಯಾದ, ನೇಟೋ ಸೇನಾ ಕೂಟದ ದೇಶಗಳ ಸೋಫಾ. ಅದರ 7ನೇ ವಿಧಿಯೇ ಹೃದಯ. ಕೃತ್ಯ ಎರಡೂ ದೇಶಗಳ ಕಾನೂನಿನಲ್ಲಿ ಅಪರಾಧವಾಗಿದ್ದರೆ ವಿಚಾರಣೆಯ ಅಧಿಕಾರ ಇಬ್ಬರಿಗೂ ಇದೆ, ಆದರೆ ಮೊದಲ ಹಕ್ಕು ಯಾರಿಗೆ ಎಂದು ಅದು ಹಂಚುತ್ತದೆ. ಸೈನಿಕ ತನ್ನದೇ ಪಡೆಯವರ ಮೇಲೆ ಕೈ ಮಾಡಿದರೆ ಅಥವಾ ಕರ್ತವ್ಯದ ಮೇಲಿದ್ದಾಗ ಅವಘಡವಾದರೆ, ಮೊದಲ ಹಕ್ಕು ಪಡೆ ಕಳಿಸಿದ ದೇಶದ್ದು. ಮಿಕ್ಕಿದ್ದೆಲ್ಲ ಆತಿಥೇಯ ದೇಶದ್ದು. ಓದಲು ಸಲೀಸು. ತಕರಾರೆಲ್ಲ ಇರುವುದು ‘ಕರ್ತವ್ಯದ ಮೇಲಿದ್ದಾಗ’ ಎಂಬ ಪದಗಳಲ್ಲಿ.

ಒಂದು ದ್ವೀಪ, ಒಂದೇ ರಸ್ತೆ, ಶನಿವಾರ ಸಂಜೆ ಎಂದಿಟ್ಟುಕೊಳ್ಳಿ. ಸೈನ್ಯದ ಜೀಪು ಸ್ಕೂಟರಿಗೆ ಗುದ್ದುತ್ತದೆ. ಚಾಲಕ ಬಿಡಿಭಾಗ ತರಲು ಹೊರಟಿದ್ದನೇ, ಊಟ ಮುಗಿಸಿ ಶಿಬಿರಕ್ಕೆ ಮರಳುತ್ತಿದ್ದನೇ? ಇದನ್ನು ತೀರ್ಮಾನಿಸುವುದು ಅವನ ಕಮಾಂಡರ್ ಕೊಡುವ ಒಂದು ಹಾಳೆಯ ಕರ್ತವ್ಯ ಪ್ರಮಾಣಪತ್ರ. ಆ ಹಾಳೆಯ ಮಾತೇ ಕೊನೆಯೋ, ಸ್ಥಳೀಯ ನ್ಯಾಯಾಲಯ ಅದನ್ನು ಪ್ರಶ್ನಿಸಬಹುದೋ ಎಂದು ಬರೆಯದೆ ಬಿಟ್ಟ ಒಪ್ಪಂದ ಮೊದಲ ಸಾವಿನಲ್ಲೇ ಕುಸಿಯುತ್ತದೆ. 1957ರ ಜನವರಿಯಲ್ಲಿ ಜಪಾನಿನ ಸೋಮಗಹರ ಫೈರಿಂಗ್ ರೇಂಜಿನಲ್ಲಿ ಖಾಲಿ ತೋಟಾ ಆಯುತ್ತಿದ್ದ ಹೆಂಗಸಿನ ಮೇಲೆ ಗಿರಾರ್ಡ್ ಎಂಬ ಅಮೆರಿಕನ್ ಸೈನಿಕ ಬಂದೂಕಿನ ಗ್ರೆನೇಡ್ ಲಾಂಚರಿನಿಂದ ಖಾಲಿ ತೋಟಾವನ್ನೇ ಹಾರಿಸಿದ. ಆಕೆ ಸತ್ತಳು. ಕಾವಲಿಗೆ ನೇಮಿಸಿದ್ದೆವು, ಹಾಗಾಗಿ ಕರ್ತವ್ಯ ಎಂದಿತು ಅಮೆರಿಕ. ಕಾವಲಿಗೂ ಈ ಕೆಲಸಕ್ಕೂ ಏನು ಸಂಬಂಧ ಎಂದಿತು ಜಪಾನ್. ವಿಷಯ ಜಂಟಿ ಸಮಿತಿಯಲ್ಲಿ ಸುತ್ತಿ, ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ, ಕೊನೆಗೆ ವಿಚಾರಣೆ ಜಪಾನಿನಲ್ಲೇ ನಡೆಯಿತು. ಶಿಕ್ಷೆ 3 ವರ್ಷ, ಅದೂ ಅಮಾನತಿನಲ್ಲಿ. 2002ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ಕವಚವಾಹನದಡಿ ಇಬ್ಬರು ಶಾಲಾ ಬಾಲಕಿಯರು ಸತ್ತಾಗ ಕರ್ತವ್ಯದ ವಾದ ಗೆದ್ದಿತು. ಅಮೆರಿಕದ ಸೇನಾ ನ್ಯಾಯಾಲಯ ಇಬ್ಬರು ಸೈನಿಕರನ್ನೂ ಖುಲಾಸೆ ಮಾಡಿತು, ಸೋಲ್‌ನ ಬೀದಿಗಳು ಮೇಣದಬತ್ತಿ ಹಿಡಿದ ಜನರಿಂದ ತುಂಬಿದವು. ಕಾನೂನು ಪ್ರಕಾರ ತಪ್ಪಿಲ್ಲದ ತೀರ್ಪು ಒಪ್ಪಂದದ ಬುಡವನ್ನೇ ಅಲ್ಲಾಡಿಸಬಲ್ಲದು.

ಇದು ಪರದೇಶದ ಕತೆ ಅನ್ನಿಸಿದರೆ 2012ರ ಫೆಬ್ರುವರಿ 15 ನೆನಪಿಸಿಕೊಳ್ಳಿ. ಕೇರಳದ ಕಡಲಾಚೆ ಎನ್ರಿಕಾ ಲೆಕ್ಸಿ ಹಡಗಿನಲ್ಲಿದ್ದ ಇಟಲಿಯ ನೌಕಾಯೋಧರು ಗುಂಡು ಹಾರಿಸಿ ಇಬ್ಬರು ಮೀನುಗಾರರು ಸತ್ತರು. ಆಗ ‘ನಮ್ಮ ಕೋರ್ಟಿನಲ್ಲೇ ನಡೆಯಲಿ’ ಎಂದವರು ನಾವು. 2020ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ, ಅವರು ಸರ್ಕಾರಿ ಕರ್ತವ್ಯದಲ್ಲಿದ್ದರು, ಭಾರತದಲ್ಲಿ ವಿಚಾರಣೆಯಿಂದ ರಕ್ಷಣೆ ಇದೆ, ಆದರೆ ಪರಿಹಾರ ಕೊಡಬೇಕು ಎಂದಿತು. 10 ಕೋಟಿ ರೂಪಾಯಿ ಠೇವಣಿಯಾಗಿ ನಮ್ಮ ಸುಪ್ರೀಂ ಕೋರ್ಟ್ ಕೇಸು ಮುಗಿಸಿದ್ದು 2021ರಲ್ಲಿ. ಮೊದಲೇ ಬರೆದಿಟ್ಟ ಒಪ್ಪಂದವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂಬತ್ತು ವರ್ಷದ ಉದಾಹರಣೆ.

ಈಗ ನಿಮ್ಮ ನಾಲ್ಕು ಸಾಲಿನ ಪ್ರಶ್ನೆ. ಅಂಥ ಒಪ್ಪಂದಗಳು ನಿಜಕ್ಕೂ ಇವೆ. ಎರಡು–ಮೂರು ಪುಟದ ರಾಜತಾಂತ್ರಿಕ ಪತ್ರವನ್ನು ಪರಸ್ಪರ ಬದಲಾಯಿಸಿಕೊಂಡು, ‘ಬಂದವರಿಗೆ ರಾಯಭಾರ ಕಚೇರಿಯ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೆ ಸಮನಾದ ಸ್ಥಾನಮಾನ’ ಎಂದು ಬರೆದರೆ ಮುಗಿಯಿತು. ಹದಿನೈದು ದಿನದ ಜಂಟಿ ಕವಾಯತಿಗೆ ಇದು ಸಾಕು, ಒಳ್ಳೆಯದೂ ಹೌದು. ಆದರೆ ಆ ಒಂದು ವಾಕ್ಯ ಎಷ್ಟು ದೊಡ್ಡದು ನೋಡಿ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 37ನೇ ವಿಧಿಯಂತೆ ಅಂಥ ಸಿಬ್ಬಂದಿಗೆ ಕ್ರಿಮಿನಲ್ ವಿಚಾರಣೆಯಿಂದ ಪೂರ್ಣ ರಕ್ಷಣೆ. ಕರ್ತವ್ಯದಲ್ಲಿದ್ದನೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕುಡಿದು ಹೊಡೆದಾಡಿದವನನ್ನೂ ಸ್ಥಳೀಯ ಕೋರ್ಟು ಮುಟ್ಟುವಂತಿಲ್ಲ. 1964ರಲ್ಲಿ ಇರಾನಿನ ಸಂಸತ್ತು ಅಮೆರಿಕದ ಸೇನಾ ಸಲಹೆಗಾರರಿಗೆ ಕೊಟ್ಟಿದ್ದು ಇದನ್ನೇ. ಅದನ್ನು ಖಂಡಿಸಿ ಭಾಷಣ ಮಾಡಿದ ಧರ್ಮಗುರು ಖೊಮೇನಿ ಗಡೀಪಾರಾದರು, ಹದಿನೈದು ವರ್ಷದ ನಂತರ ಅವರು ವಾಪಸ್ ಬಂದಾಗ ಆದ ಕ್ರಾಂತಿಯ ಬಗ್ಗೆ ಹೇಳಬೇಕಿಲ್ಲ. ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಪಡೆಗೆ ಎರಡು ಪುಟದ ಪತ್ರ ಸಾಲದು ಎಂಬುದು ನಮ್ಮ ಖಚಿತ ಅಭಿಪ್ರಾಯ. ದೊಡ್ಡ ದೇಶಕ್ಕೆ ಅದು ಸುಲಭ ಗೆಲುವಿನಂತೆ ಕಾಣುತ್ತದೆ, ಅದೇ ಅಪಾಯ.

ಸಣ್ಣ ದೇಶದ ಜೊತೆ ಮಾತುಕತೆಗೆ ಸಮಯ ಹಿಡಿಯುವುದು ಅವರ ಹಟದಿಂದಲ್ಲ, ಆಳಿನ ಕೊರತೆಯಿಂದ. ನಮ್ಮ ಕಡೆಯಿಂದ ವಿದೇಶಾಂಗ ಸಚಿವಾಲಯ, ಅದರ ಕಾನೂನು ಮತ್ತು ಒಪ್ಪಂದ ವಿಭಾಗ, ರಕ್ಷಣಾ ಸಚಿವಾಲಯ, ಸುಂಕ ಇಲಾಖೆ ಎಲ್ಲ ಕೂರುತ್ತವೆ. ಆ ಕಡೆ ಅಟಾರ್ನಿ ಜನರಲ್ ಕಚೇರಿಯ ಬೆರಳೆಣಿಕೆಯ ವಕೀಲರೇ ಮೀನುಗಾರಿಕೆ ಒಪ್ಪಂದವನ್ನೂ, ಸಾಲದ ಕರಾರನ್ನೂ, ಇದನ್ನೂ ನೋಡಬೇಕು. ನಲವತ್ತು ಪುಟದ ಕರಡನ್ನು ಸೋಮವಾರ ಕೊಟ್ಟು ಗುರುವಾರ ಉತ್ತರ ಕೇಳಿದರೆ ಅವರು ಮಾಡುವುದು ಒಂದೇ: ಎಲ್ಲಕ್ಕೂ ಚೌಕ ಆವರಣ ಹಾಕುತ್ತಾರೆ. ಕರಡಿನಲ್ಲಿ ಒಪ್ಪಿಗೆಯಾಗದ ಪದ, ಸಾಲು ಎಲ್ಲ ಚೌಕ ಆವರಣದೊಳಗೆ, ಪಕ್ಕದಲ್ಲಿ ಯಾರ ಪ್ರಸ್ತಾವವೆಂದು ದೇಶದ ಗುರುತು. ಪ್ರತಿ ಸುತ್ತಿನಲ್ಲೂ ಆವರಣ ಕಡಿಮೆಯಾಗಬೇಕು, ಹೆಚ್ಚಿದರೆ ಕರಡೇ ಸರಿಯಿಲ್ಲ ಎಂದರ್ಥ. ಸುಲಭದ ವಿಧಿಗಳನ್ನು ಮೊದಲು ತೆಗೆದುಕೊಳ್ಳುವುದು ವಾಡಿಕೆ: ಪಾಸ್‌ಪೋರ್ಟ್ ಬದಲು ಸೇನಾ ಗುರುತಿನ ಚೀಟಿ ಮತ್ತು ಪ್ರಯಾಣದ ಆದೇಶ, ಡ್ರೈವಿಂಗ್ ಲೈಸೆನ್ಸಿಗೆ ಮಾನ್ಯತೆ, ರೇಡಿಯೊ ತರಂಗಾಂತರ. ನಂತರ ಸುಂಕ, ಪರಿಹಾರ. ಕ್ರಿಮಿನಲ್ ವಿಧಿ ಕೊನೆಗೆ. ಎಲ್ಲ ಆವರಣಗಳೂ ಹೋದ ಮೇಲೆ ಪುಟಪುಟಕ್ಕೂ ಕಿರುಸಹಿ, ಆಮೇಲೆ ಸಂಪುಟದ ಒಪ್ಪಿಗೆ, ಪೂರ್ಣ ಸಹಿ. ಕೊನೆಯದಾಗಿ ‘ನಮ್ಮ ಆಂತರಿಕ ವಿಧಾನ ಮುಗಿದಿದೆ’ ಎಂಬ ಪತ್ರಗಳ ವಿನಿಮಯ. ಜಾರಿ ಅಲ್ಲಿಂದ.

ಈ ಕೊನೆಯ ಹೆಜ್ಜೆಯಲ್ಲೇ ಭಾರತ ಎಡವಿದ್ದುಂಟು. ಹಿಂದೂ ಮಹಾಸಾಗರದ ಪುಟ್ಟ ದೇಶ ಸೇಶೆಲ್ಸ್‌ನ ಅಸಂಪ್ಷನ್ ದ್ವೀಪದಲ್ಲಿ ಸೇನಾ ಸೌಕರ್ಯ ಕಟ್ಟಲು 2015ರಲ್ಲಿ ಒಂದು ಒಪ್ಪಂದ, 2018ರ ಜನವರಿಯಲ್ಲಿ ಪರಿಷ್ಕೃತ ಒಪ್ಪಂದ ಸಹಿಯಾದವು. ಮಾರ್ಚ್‌ನಲ್ಲಿ ಗೋಪ್ಯ ಪಠ್ಯ ಸೋರಿಕೆಯಾಗಿ ಅಂತರ್ಜಾಲಕ್ಕೆ ಬಂತು. ಅಲ್ಲಿನ ಸಂಸತ್ತಿನಲ್ಲಿ ಬಹುಮತ ವಿರೋಧ ಪಕ್ಷದ್ದು. ಅನುಮೋದನೆ ಸಿಗಲೇ ಇಲ್ಲ. ಸಹಿ ಹಾಕುವವರ ಜೊತೆ ಮಾತಾಡಿದರೆ ಸಾಲದು, ಮತ ಹಾಕುವವರ ಜೊತೆಯೂ ಮಾತಾಡಬೇಕು. ಅಮೆರಿಕ ಇದನ್ನು ಇರಾಕಿನಲ್ಲಿ ಕಂಡಿತು: 2011ರಲ್ಲಿ ಸೈನಿಕರ ಕಾನೂನು ರಕ್ಷಣೆಗೆ ಸಂಸತ್ತಿನ ಮುದ್ರೆಯೇ ಬೇಕೆಂದಿತು, ಅದು ಸಿಗದೆ ಪಡೆ ಹೊರಬಂತು.

ಬಂಧನದ ವಿಷಯದಲ್ಲಿ ಅಲ್ಪವಿರಾಮವೂ ಮುಖ್ಯ. ವಿಚಾರಣೆ ಮುಗಿಯುವ ತನಕ ಆರೋಪಿ ಯಾರ ವಶದಲ್ಲಿ, ಶಿಕ್ಷೆಯಾದ ಮೇಲೆ ಯಾವ ಜೈಲಿನಲ್ಲಿ, ಇವೆರಡೂ ಬೇರೆ ಬೇರೆ. ಫಿಲಿಪ್ಪೀನ್ಸ್–ಅಮೆರಿಕ ಒಪ್ಪಂದದಲ್ಲಿ ಮೊದಲನೆಯದಕ್ಕೆ ಸ್ಪಷ್ಟ ಉತ್ತರವಿತ್ತು, ವಿಚಾರಣೆಗೆ ಒಂದು ವರ್ಷದ ಗಡುವೂ ಇತ್ತು. ಎರಡನೆಯದಕ್ಕೆ ‘ಇಬ್ಬರೂ ಒಪ್ಪಿದ ಜಾಗದಲ್ಲಿ’ ಎಂದಷ್ಟೇ ಬರೆದಿತ್ತು. 2006ರ ಡಿಸೆಂಬರಿನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಶಿಕ್ಷೆಯಾದ ಸೈನಿಕನನ್ನು ಸ್ಥಳೀಯ ಜೈಲಿನಿಂದ ಅಮೆರಿಕದ ರಾಯಭಾರ ಕಚೇರಿಗೆ ಸಾಗಿಸಿದರು. ಅದು ಒಪ್ಪಂದಕ್ಕೆ ಅನುಗುಣವಲ್ಲ ಎಂದು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಜಾಗವನ್ನು ಹೆಸರು ಹಿಡಿದು ಅನುಬಂಧದಲ್ಲಿ ಬರೆದಿದ್ದರೆ ಈ ರಂಪವಿರುತ್ತಿರಲಿಲ್ಲ.

ಪರಿಹಾರದ ಲೆಕ್ಕ ಸುಲಭ. ಕರ್ತವ್ಯದಲ್ಲಾದ ನಷ್ಟಕ್ಕೆ ಪಡೆ ಕಳಿಸಿದ ದೇಶವೊಂದೇ ಕಾರಣವಾಗಿದ್ದರೆ ನೇಟೋ ಲೆಕ್ಕದಲ್ಲಿ ಅದರ ಪಾಲು ಶೇ 75, ಆತಿಥೇಯರದು ಶೇ 25. ಸಣ್ಣ ಬೊಕ್ಕಸಕ್ಕೆ ಆ 25ಕ್ಕೂ ದಾರಿ ಇರುವುದಿಲ್ಲ, ನೂರಕ್ಕೆ ನೂರು ಹೊತ್ತುಕೊಳ್ಳುವುದು ದೊಡ್ಡವರಿಗೆ ಅಗ್ಗದ ಒಳ್ಳೆಯ ಹೆಸರು. ಕರ್ತವ್ಯದ ಹೊರಗಿನ ಅಪಘಾತಕ್ಕೆ ಪ್ರತಿ ವಾಹನಕ್ಕೂ ಸ್ಥಳೀಯ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದರೆ ಮುಕ್ಕಾಲು ತಲೆನೋವು ಹೋಗುತ್ತದೆ. ಸುಂಕದ ವಿಧಿಯಲ್ಲಿ ಆಗುವ ಅನಾಹುತ ಸಣ್ಣದು, ಆದರೆ ದಿನನಿತ್ಯದ್ದು: ಸುಂಕವಿಲ್ಲದೆ ಬಂದ ಸಿಗರೇಟು, ಮದ್ಯ ಊರಿನ ಅಂಗಡಿ ಸೇರುತ್ತದೆ. ಆಮದು ಸುಂಕವನ್ನೇ ನೆಚ್ಚಿದ ದ್ವೀಪಕ್ಕೆ ಅದು ಜೇಬಿಗೆ ಕತ್ತರಿ. ತಿಂಗಳಿಗೊಮ್ಮೆ ಸರಕಿನ ಪಟ್ಟಿ ಸುಂಕ ಕಚೇರಿಗೆ ಕೊಡುವ ಸಾಲು ಸೇರಿಸಬೇಕು. ನೀರಿನ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ವಿವರಿಸುವುದೇ ಬೇಡ. ಹವಳದ ದ್ವೀಪದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ, ಹೆಚ್ಚು ಎತ್ತಿದರೆ ಊರಿನ ಬಾವಿಯೇ ಉಪ್ಪಾಗುತ್ತದೆ. ಬಂದವರು ತಮ್ಮ ನೀರು ಶುದ್ಧೀಕರಣ ಯಂತ್ರ ತರಬೇಕೆಂದು ಬರೆಯಿಸಿಕೊಳ್ಳುವುದು ಆತಿಥೇಯರ ಜಾಣತನ.

ಬಾಡಿಗೆಯನ್ನು ಮಾತ್ರ ಬೇರೆ ಕಾಗದದಲ್ಲಿಡಿ ಎಂದೆವಲ್ಲ, ಕಾರಣ ಕಿರ್ಗಿಸ್ತಾನ, ಜಿಬೂಟಿ. ಕಿರ್ಗಿಸ್ತಾನದಲ್ಲಿದ್ದ ಅಮೆರಿಕದ ಮನಾಸ್ ವಾಯುನೆಲೆಯ ವಾರ್ಷಿಕ ಬಾಡಿಗೆ 2009ರಲ್ಲಿ 1.74 ಕೋಟಿ ಡಾಲರಿನಿಂದ 6 ಕೋಟಿಗೆ ಏರಿತು, 2014ರಲ್ಲಿ ನೆಲೆಯೇ ಮುಚ್ಚಿತು. ಅದೇ ವರ್ಷ ಜಿಬೂಟಿಯ ಕ್ಯಾಂಪ್ ಲೆಮೊನಿಯೆಗೆ ಅಮೆರಿಕ ಒಪ್ಪಿದ್ದು ವರ್ಷಕ್ಕೆ 6.3 ಕೋಟಿ. ದರ ಏರುತ್ತಿರಲಿ, ಸೈನಿಕನ ಸ್ಥಾನಮಾನ ಅದರ ಜೊತೆ ಏರಿಳಿಯಬಾರದು. ಮುಕ್ತಾಯದ ನೋಟಿಸಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಇಡುತ್ತಾರೆ. ಆ ಅವಧಿಯಲ್ಲಿ ಬಾಕಿ ಉಳಿದ ಪರಿಹಾರದ ಅರ್ಜಿಗಳು ಒಪ್ಪಂದ ಮುಗಿದ ಮೇಲೂ ಬದುಕಿರುತ್ತವೆ ಎಂದು ಸೇರಿಸುವುದನ್ನು ಮರೆಯುವವರೇ ಹೆಚ್ಚು.

ಈಗ ನಿಮ್ಮ ಅಕ್ಕನ ಮಗನ ಮಾತು. ನೇಟೋ ವ್ಯಾಖ್ಯೆಯಲ್ಲಿ ‘ನಾಗರಿಕ ಸಿಬ್ಬಂದಿ’ ಎಂದರೆ ಪಡೆಯ ಜೊತೆಗಿದ್ದು ಆ ಸೈನ್ಯದಿಂದಲೇ ಸಂಬಳ ಪಡೆಯುವವರು. ಎಚ್‌ಎಎಲ್ ಸರ್ಕಾರದ್ದಾದರೂ ಒಂದು ಕಂಪನಿ. ಅದರ ನೌಕರ ಆ ಅಳತೆಗೆ ನಿಲ್ಲುವುದಿಲ್ಲ. ಗುತ್ತಿಗೆದಾರರನ್ನೂ ಸೇರಿಸಿ ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ಅಂಥವನು ಆ ದೇಶಕ್ಕೆ ಬೇರೆ ಯಾವ ವಿದೇಶಿ ಕೆಲಸಗಾರನಿಗಿಂತ ಭಿನ್ನನಲ್ಲ: ಅಪಘಾತವಾದರೆ ಅಲ್ಲಿಯ ಪೊಲೀಸು, ಅಲ್ಲಿಯ ಕೋರ್ಟು. ಬಂಧನವಾದರೆ ಕಾನ್ಸುಲರ್ ಸಂಬಂಧಗಳ ಕುರಿತ 1963ರ ಇನ್ನೊಂದು ವಿಯೆನ್ನಾ ಒಡಂಬಡಿಕೆಯ 36ನೇ ವಿಧಿಯಂತೆ ಭಾರತೀಯ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಿ ಎಂದು ಕೇಳುವ ಹಕ್ಕಿದೆ, ಅದನ್ನು ಅವನೇ ಬಾಯಿಬಿಟ್ಟು ಕೇಳಬೇಕು. ಹೊರಡುವ ಆದೇಶ ಕೈಗೆ ಬಂದ ದಿನವೇ ಕಾರ್ಖಾನೆಯ ಎಚ್‌ಆರ್‌ನವರಿಂದ ಮೂರು ಸಂಗತಿ ಬರವಣಿಗೆಯಲ್ಲಿ ತೆಗೆದುಕೊಳ್ಳಲಿ: ವೀಸಾ ಯಾವ ವರ್ಗದ್ದು, ಎರಡು ಸರ್ಕಾರಗಳ ಯಾವ ಒಪ್ಪಂದದ ಯಾವ ವಿಧಿಯಲ್ಲಿ ಅವನು ಬರುತ್ತಾನೆ, ಅಲ್ಲಿ ಅವನ ಮೇಲೆ ದಾವೆ ಬಿದ್ದರೆ ವಕೀಲರ ಖರ್ಚು ಯಾರದು. ನಮ್ಮ ಲೈಸೆನ್ಸಿನಲ್ಲಿ ಅಲ್ಲಿ ಸ್ಕೂಟರ್ ಓಡಿಸಬಹುದೇ ಎಂದೂ ಕೇಳಲಿ, ಓಡಿಸುವ ಮೊದಲೇ.