ಪಿಂಚಣಿ ಇದೆಯೆಂದು ಸಂಬಳ ತಗ್ಗಿಸಬಹುದೆ?

ಪ್ರಶ್ನೆ: ಮಂಜೇಶ್ವರ ತಾಲೂಕಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಗಣಿತ ಅಧ್ಯಾಪಿಕೆಯಾಗಿದ್ದು 56ನೇ ವಯಸ್ಸಿನಲ್ಲಿ ನಿವೃತ್ತಳಾದೆ. ಈಗ ಅನುದಾನರಹಿತ ಶಾಲೆಯೊಂದು ತನ್ನ ಕನ್ನಡ ವಿಭಾಗಕ್ಕೆ ಕರೆದಿದೆ. ಆದರೆ ಅಷ್ಟೇ ಪಿರಿಯಡ್ ತೆಗೆದುಕೊಳ್ಳುವ ಕಿರಿಯ ಅಧ್ಯಾಪಕರ ಸಂಬಳದ ಅರ್ಧ ಮಾತ್ರ ಕೊಡುತ್ತಾರಂತೆ. 'ನಿಮಗೆ ಪಿಂಚಣಿ ಬರುತ್ತದಲ್ಲ' ಎನ್ನುತ್ತಾರೆ. ಇದು ಸರಿಯೆ?
- ಓದುಗರೊಬ್ಬರು, ಉಪ್ಪಳ

ಉತ್ತರ: ಖಂಡಿತ ಸರಿಯಲ್ಲ. ಪಿಂಚಣಿಯು ಸರಕಾರದ ಔದಾರ್ಯವಲ್ಲ, ಸಲ್ಲಿಸಿ ಮುಗಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ಸುಪ್ರೀಂ ಕೋರ್ಟು 1982ರಲ್ಲಿ ಡಿ.ಎಸ್. ನಕಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ತಾವು ಹಿಂದೆ ದುಡಿದದ್ದರ ಫಲವನ್ನು ಇಂದಿನ ದುಡಿಮೆಯ ಬೆಲೆಯಿಂದ ಕಳೆಯಲು ಹೊಸ ಶಾಲೆಗೆ ಯಾವ ನೈತಿಕ ಅಧಿಕಾರವೂ ಇಲ್ಲ.

ವಯಸ್ಸಾಯಿತೆಂದು ಶಾಲೆ ಹೇಳಿದರೆ ಆ ಮಾತೂ ನಿಲ್ಲುವುದಿಲ್ಲ. 2013ರ ಏಪ್ರಿಲ್ 1ರ ಬಳಿಕ ಕೇರಳದ ಸರಕಾರಿ ಸೇವೆಗೆ ಸೇರಿ, ನೌಕರರೂ ತಮ್ಮ ಪಾಲು ಕಟ್ಟುವ ಪಾಲುದಾರಿಕೆ ಪಿಂಚಣಿಗೆ ಒಳಪಟ್ಟವರು 60ರವರೆಗೆ ದುಡಿಯುತ್ತಾರೆ; ಗಡಿಯ ತಲಪಾಡಿ ದಾಟಿದರೆ ಕರ್ನಾಟಕದ ಸರಕಾರಿ ಅಧ್ಯಾಪಕರಿಗೂ ಅದೇ 60. ಹೀಗಿರುವಾಗ 56 ಎಂಬುದು ಸೇವಾ ನಿಯಮದ ಗೆರೆಯೇ ಹೊರತು ಪಾಠ ಹೇಳುವ ಶಕ್ತಿಯ ಅಳತೆಯಲ್ಲ.

ಆದರೆ ನ್ಯಾಯಾಲಯದ ದಾರಿ ಸುಲಭವಲ್ಲವೆಂದು ತಮಗೆ ತಿಳಿದಿರಬೇಕು. ಸಂವಿಧಾನದ 15 ಮತ್ತು 16ನೇ ವಿಧಿಗಳು ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮುಂತಾದವುಗಳ ಆಧಾರದ ಭೇದಭಾವವನ್ನು ನಿಷೇಧಿಸುತ್ತವೆಯಾದರೂ ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ತಾತ್ಕಾಲಿಕ ನೌಕರರಿಗೂ ಅನ್ವಯಿಸಿದ 2016ರ ಜಗಜೀತ್ ಸಿಂಗ್ ತೀರ್ಪು ಸರಕಾರಿ ನೌಕರರಿಗೆ ಸಂಬಂಧಿಸಿದ್ದು. ಅನುದಾನರಹಿತ ಖಾಸಗಿ ಶಾಲೆಯ ಮೇಲೆ ಅದನ್ನು ನೇರವಾಗಿ ಹೇರುವುದು ಕಷ್ಟ. ಕಾರ್ಮಿಕ ಕಾನೂನಿನ ಆಸರೆಯೂ ಸುಲಭವಲ್ಲ; ಶಿಕ್ಷಕರು ಅಂದಿನ ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು 1988ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿತ್ತು. (ಗ್ರಾಚುಯಿಟಿಯ ಹಕ್ಕು ಮಾತ್ರ 2009ರ ತಿದ್ದುಪಡಿಯಿಂದ ಶಿಕ್ಷಕರಿಗೂ ದೊರೆಯಿತು.)

ಆದ್ದರಿಂದ ತಮ್ಮ ಬಲವಿರುವುದು ಸೇರುವ ಮೊದಲಿನ ಮಾತುಕತೆಯಲ್ಲಿ. ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ಕಾಸರಗೋಡಿನ ಹೆತ್ತವರೂ ಮಕ್ಕಳೂ ಪ್ರತಿಭಟನೆಗೆ ಇಳಿಯಬೇಕಾಗಿ ಬಂದಿದೆ. ಗಣಿತವನ್ನು ಕನ್ನಡದಲ್ಲೇ ತಿಳಿಯಾಗಿ ಹೇಳಬಲ್ಲ ಅನುಭವಿಗಳು ಎಷ್ಟು ಅಗತ್ಯವೆಂದು ಆ ಶಾಲೆಗೂ ಗೊತ್ತು. ತಾವು ಅರ್ಧ ಸಂಬಳಕ್ಕೆ ಒಪ್ಪಿದರೆ, ಪಿಂಚಣಿಯಿಲ್ಲದ ಕಿರಿಯರ ಸಂಬಳವನ್ನೂ ತಮ್ಮ ಉದಾಹರಣೆ ಕೊಟ್ಟು ತಗ್ಗಿಸುವ ಅಪಾಯವಿದೆ, ನನ್ನ ಮುಖ್ಯ ಆತಂಕ ಇದೇ. ಪಿರಿಯಡ್‌ಗಳ ಸಂಖ್ಯೆ, ಏಪ್ರಿಲ್ ಮತ್ತು ಮೇ ತಿಂಗಳ ರಜೆಯ ಸಂಬಳ, ಗುತ್ತಿಗೆಯ ಅವಧಿ ಇವಿಷ್ಟನ್ನೂ ನೇಮಕ ಪತ್ರದಲ್ಲಿ ಬರೆಸಿಕೊಳ್ಳಿ. ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಇದಕ್ಕೆ ಒಪ್ಪದ ಶಾಲೆಯ ಕರೆಯನ್ನು ನಿರಾಕರಿಸಲು ತಾವು ಹಿಂಜರಿಯಬೇಕಾಗಿಲ್ಲ.